ಗೇರ್‌ಬಾಕ್ಸ್‌ನ ಕೀ: ಗಾತ್ರ ಚಿಕ್ಕದು, ಹೊಣೆ ದೊಡ್ಡದು

ಎತ್ತಿನ ಗಾಡಿಯ ಚಕ್ರ ಅಚ್ಚಿನಿಂದ ಕಳಚದಂತೆ ಹಿಡಿದಿಡುವುದು ಗೇಣುದ್ದವೂ ಇಲ್ಲದ ಒಂದು ಕಡಾಣಿ. ಗಾಡಿಯ ಬೆಲೆಯೊಡನೆ ಹೋಲಿಸಿದರೆ ಅದರ ಬೆಲೆ ಲೆಕ್ಕಕ್ಕೇ ಬಾರದು. ಆದರೂ ಅದು ಬಿದ್ದುಹೋದರೆ ಗಾಡಿ ಮುಂದೆ ಸಾಗದು. ಗೇರ್‌ಬಾಕ್ಸ್‌ನಲ್ಲಿ ಶಾಫ್ಟ್ ಮತ್ತು ಗೇರಿನ ನಡುವೆ ಕೂರುವ ಕೀಗೂ ಇಂಥದೇ ಸ್ಥಾನವಿದೆ. ಮೋಟರಿನ ಶಕ್ತಿಯೆಲ್ಲವೂ ಶಾಫ್ಟಿನಿಂದ ಗೇರಿಗೆ ದಾಟುವುದು ಬೆರಳುದ್ದದ ಈ ಉಕ್ಕಿನ ತುಂಡಿನ ಮೂಲಕವೇ. ಗೇರಿನ ಹಲ್ಲುಗಳಿಗೆ, ಬೇರಿಂಗುಗಳಿಗೆ ಸಲ್ಲುವ ಗಮನದ ಒಂದಂಶವೂ ಇದಕ್ಕೆ ಸಲ್ಲುವುದಿಲ್ಲ. ಯಂತ್ರ ನಿಂತ ದಿನ ಮಾತ್ರ ಎಲ್ಲರ ದೃಷ್ಟಿ ಇದರತ್ತ ಹೊರಳುತ್ತದೆ.

1986ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯಾಗಿ ರೂಪುಗೊಂಡು, 2007ರಲ್ಲಿ ರಾಮನಗರ ಜಿಲ್ಲೆ ಬೇರ್ಪಟ್ಟ ಬಳಿಕ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲ ತಾಲ್ಲೂಕುಗಳಿಗೆ ಸೀಮಿತವಾದ ಪ್ರದೇಶದಲ್ಲಿ ಈ ವಿಷಯಕ್ಕೆ ವಿಶೇಷ ಮಹತ್ವವಿದೆ. ದೊಡ್ಡಬಳ್ಳಾಪುರದ ಬಾಶೆಟ್ಟಿಹಳ್ಳಿ, ನೆಲಮಂಗಲ ತಾಲ್ಲೂಕಿನ ಸೋಂಪುರ, ಹೊಸಕೋಟೆಯ ಪಿಳ್ಳಗುಂಪೆ ಮುಂತಾದ ಕೈಗಾರಿಕಾ ಪ್ರದೇಶಗಳ ಸಣ್ಣ ಘಟಕಗಳಲ್ಲಿ ಒಂದೇ ಜೋಡಣೆಯ ಕೆಲಸ ಹಲವು ಕೈಗಳಲ್ಲಿ ಹಂಚಿಹೋಗುವುದು ವಾಡಿಕೆ. ಶಾಫ್ಟ್ ಒಂದು ಶೆಡ್ಡಿನಲ್ಲಿ ಟರ್ನಿಂಗ್ ಆಗುತ್ತದೆ. ಅದರ ಕೀವೇಯನ್ನು ಇನ್ನೊಬ್ಬರು ಮಿಲ್ಲಿಂಗ್ ಮಾಡುತ್ತಾರೆ. ಗೇರಿನ ಹಲ್ಲು ಮತ್ತೊಂದೆಡೆ ಕತ್ತರಿಸಲ್ಪಟ್ಟು, ಬೋರ್ ಒಳಗಿನ ಕೀವೇ ಸ್ಲಾಟಿಂಗ್ ಯಂತ್ರವಿರುವವರ ಬಳಿ ಆಗುತ್ತದೆ. ಕೀಯನ್ನು ಅಂಗಡಿಯಿಂದ ತಂದು ಜೋಡಿಸುವಾತ ಅರ ಹಿಡಿದು ಕೂರಿಸುತ್ತಾನೆ. ಪ್ರತಿಯೊಬ್ಬರೂ ತಮ್ಮ ಕೆಲಸ ಸರಿಯೆಂದೇ ಹೇಳಬಲ್ಲರು. ಆದರೆ ಮೂರು ಭಾಗಗಳು ಸೇರುವ ಆ ಜಾಗದ ಹೊಣೆ ಯಾರದು ಎಂಬ ಪ್ರಶ್ನೆಗೆ ಉತ್ತರವಿರುವುದಿಲ್ಲ. ಕೀ ಸಂಬಂಧಿತ ದೋಷಗಳಲ್ಲಿ ಹಲವು ಹುಟ್ಟುವುದು ಈ ಉತ್ತರವಿಲ್ಲದ ಎಡೆಯಲ್ಲಿ.

ಮಗ್ಗದಲ್ಲೊಂದು ಪಾಠ

ಕೀ ಸಡಿಲವಾದರೆ ಏನಾಗುತ್ತದೆ ಎಂಬುದಕ್ಕೆ ದೊಡ್ಡಬಳ್ಳಾಪುರದಂಥ ನೇಕಾರರ ಊರಿನಲ್ಲಿ ದೂರ ಹೋಗಿ ಉದಾಹರಣೆ ಹುಡುಕಬೇಕಾಗಿಲ್ಲ. ಲಾಳಿಯಿರುವ ಸಾಮಾನ್ಯ ವಿದ್ಯುತ್ ಮಗ್ಗದಲ್ಲಿ ಕ್ರ್ಯಾಂಕ್ ಶಾಫ್ಟ್ ಎರಡು ಸುತ್ತು ತಿರುಗಿದಾಗ ಬಾಟಮ್ ಶಾಫ್ಟ್ ಒಂದು ಸುತ್ತು ತಿರುಗುವಂತೆ ಗೇರುಗಳ ಜೋಡಿ ಇರುತ್ತದೆ. ಲಾಳಿಯನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಹೊಡೆಯುವ ಏರ್ಪಾಡು ಬಾಟಮ್ ಶಾಫ್ಟಿನಿಂದ ನಡೆಯುತ್ತದೆ. ಹೊಕ್ಕನ್ನು ಬಟ್ಟೆಗೆ ಬಡಿಯುವ ಚಲನೆ ಕ್ರ್ಯಾಂಕ್ ಶಾಫ್ಟಿನಿಂದ ಬರುತ್ತದೆ. ಇವೆರಡರ ಹೊಂದಾಣಿಕೆಯನ್ನು ಕಾಪಾಡುವುದು ಗೇರಿನ ಹಲ್ಲುಗಳು ಮಾತ್ರವಲ್ಲ, ಆ ಗೇರುಗಳನ್ನು ಶಾಫ್ಟಿಗೆ ಹಿಡಿದಿಟ್ಟ ಕೀಗಳೂ ಹೌದು.

ಬಾಟಮ್ ಶಾಫ್ಟಿನ ವ್ಯಾಸ 40 ಮಿ.ಮೀ. ಎಂದಿಟ್ಟುಕೊಂಡರೆ, ಅದರ ಗೇರಿನ ಕೀಯಲ್ಲಿ 1 ಮಿ.ಮೀ. ಸಡಿಲ ಬಂದಾಗ ಗೇರು ಶಾಫ್ಟಿನ ಮೇಲೆ ಸುಮಾರು 2.9 ಡಿಗ್ರಿ ಅಲುಗಾಡುತ್ತದೆ. ಕ್ರ್ಯಾಂಕ್ ಶಾಫ್ಟಿನ ಲೆಕ್ಕದಲ್ಲಿ ಅದು ಎರಡು ಪಟ್ಟು, ಅಂದರೆ 5.7 ಡಿಗ್ರಿ. ಲಾಳಿ ಹೊರಡುವ ಗಳಿಗೆ ಒಮ್ಮೆ ಮುಂದಾಗಿ, ಒಮ್ಮೆ ಹಿಂದಾಗಿ ಹಾಸಿನ ನಡುವೆ ಸಿಲುಕಿಕೊಳ್ಳಲು ಇಂಥ ವ್ಯತ್ಯಾಸವೂ ದಾರಿಯಾಗುತ್ತದೆ. ಲಾಳಿ ಸಿಲುಕಿದಾಗ ಮಗ್ಗ ಒಮ್ಮೆಲೇ ನಿಲ್ಲುತ್ತದೆ. ಆ ಹೊಡೆತ ಮತ್ತೆ ಬೀಳುವುದು ಅದೇ ಸಡಿಲ ಕೀಯ ಮೇಲೆ. ಸಡಿಲ ಹೊಡೆತವನ್ನು ಹೆಚ್ಚಿಸುತ್ತದೆ, ಹೊಡೆತ ಸಡಿಲವನ್ನು ಹೆಚ್ಚಿಸುತ್ತದೆ. ಗೇರ್‌ಬಾಕ್ಸ್‌ಗಳಲ್ಲಿಯೂ ನಡೆಯುವುದು ಇದೇ. ಮುಚ್ಚಿದ ಪೆಟ್ಟಿಗೆಯೊಳಗೆ ನಡೆಯುವುದರಿಂದ ಕಾಣುವುದಿಲ್ಲ, ಅಷ್ಟೆ.

ಅಗಲ, ಎತ್ತರ ಪಟ್ಟಿಯಿಂದ, ಉದ್ದ ಲೆಕ್ಕದಿಂದ

ಗೇರ್‌ಬಾಕ್ಸ್‌ಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಸಮಾನಾಂತರ ಕೀ. ಭಾರತೀಯ ಮಾನಕ ಐಎಸ್ 2048 ಇದರ ಅಳತೆಗಳನ್ನು ನಿಗದಿಪಡಿಸುತ್ತದೆ. ಶಾಫ್ಟಿನ ವ್ಯಾಸವನ್ನು ಆಧರಿಸಿ ಕೀಯ ಅಗಲ ಮತ್ತು ಎತ್ತರ ಪಟ್ಟಿಯಲ್ಲಿ ಸಿಗುತ್ತವೆ. ವ್ಯಾಸ 22ಕ್ಕಿಂತ ಹೆಚ್ಚು, 30ರವರೆಗೆ ಇದ್ದರೆ 8 × 7 ಮಿ.ಮೀ.; 30ರಿಂದ 38ರವರೆಗೆ 10 × 8; 38ರಿಂದ 44ರವರೆಗೆ 12 × 8; 44ರಿಂದ 50ರವರೆಗೆ 14 × 9; 50ರಿಂದ 58ರವರೆಗೆ 16 × 10; 58ರಿಂದ 65ರವರೆಗೆ 18 × 11. ಇಷ್ಟನ್ನು ನೋಡಿ ವಿನ್ಯಾಸ ಮುಗಿಯಿತೆಂದು ಭಾವಿಸುವುದೇ ಮೊದಲ ತಪ್ಪು. ಪಟ್ಟಿ ಅಡ್ಡಳತೆಯನ್ನಷ್ಟೇ ಹೇಳುತ್ತದೆ. ಹೊರಬೇಕಾದ ಭಾರಕ್ಕೆ ಎಷ್ಟು ಉದ್ದದ ಕೀ ಬೇಕು ಎಂಬುದನ್ನು ತಯಾರಕನೇ ಲೆಕ್ಕ ಹಾಕಬೇಕು.

ಒಂದು ಉದಾಹರಣೆಯನ್ನು ಪರಿಶೀಲಿಸಬಹುದು. 7.5 ಕಿಲೋವ್ಯಾಟ್ ಸಾಮರ್ಥ್ಯದ, 1440 ಆರ್‌ಪಿಎಂ ವೇಗದ ಮೋಟರಿಗೆ 10:1 ಅನುಪಾತದ ಗೇರ್‌ಬಾಕ್ಸ್ ಜೋಡಿಸಿದೆ. ಹೊರಬರುವ ಶಾಫ್ಟಿನ ವೇಗ 144 ಆರ್‌ಪಿಎಂ. ಕಿಲೋವ್ಯಾಟನ್ನು 9550ರಿಂದ ಗುಣಿಸಿ ಆರ್‌ಪಿಎಂನಿಂದ ಭಾಗಿಸಿದರೆ ಟಾರ್ಕ್ ದೊರೆಯುತ್ತದೆ: ಸುಮಾರು 497 ನ್ಯೂಟನ್ ಮೀಟರ್. ಯಂತ್ರ ಚಾಲೂ ಆಗುವಾಗಿನ ಮತ್ತು ಭಾರ ಏರಿಳಿಯುವಾಗಿನ ಹೊಡೆತಕ್ಕೆ ಒಂದೂವರೆ ಪಟ್ಟು ಹಿಡಿದರೆ 746. ಶಾಫ್ಟಿನ ವ್ಯಾಸ 50 ಮಿ.ಮೀ. ಆದರೆ ಅದರ ಮೇಲ್ಮೈಯಲ್ಲಿ ಕೀಯ ಮೇಲೆ ಬೀಳುವ ಬಲ 29,840 ನ್ಯೂಟನ್, ಅಂದರೆ ಸುಮಾರು ಮೂರು ಟನ್ ತೂಕಕ್ಕೆ ಸಮ.

ಇಲ್ಲಿ 14 × 9 ಅಳತೆಯ, 56 ಮಿ.ಮೀ. ಉದ್ದದ, ಎರಡೂ ತುದಿ ದುಂಡಗಿರುವ ಕೀ ಹಾಕಿದರೆಂದು ಭಾವಿಸೋಣ. ದುಂಡು ತುದಿಗಳು ಭಾರ ಹೊರುವುದಿಲ್ಲವಾದ್ದರಿಂದ ಉದ್ದದಲ್ಲಿ ಅಗಲವನ್ನು ಕಳೆಯಬೇಕು. ಕೆಲಸಕ್ಕೆ ಬರುವ ಉದ್ದ 42 ಮಿ.ಮೀ. ಈಗ ಎರಡು ಪರೀಕ್ಷೆಗಳು. ಮೊದಲನೆಯದು ಕತ್ತರಿಕೆ: ಶಾಫ್ಟಿನ ಅಂಚಿನಲ್ಲಿ ಕೀ ಅಡ್ಡಲಾಗಿ ತುಂಡಾಗದೆ ಉಳಿಯುವುದೇ? ಬಲವನ್ನು 14 × 42ರಿಂದ ಭಾಗಿಸಿದರೆ ಪ್ರತಿ ಚದರ ಮಿ.ಮೀ.ಗೆ 51 ನ್ಯೂಟನ್. ಸಾಮಾನ್ಯ ಕೀ ಉಕ್ಕಿಗೆ 60 ನ್ಯೂಟನ್ ಮಿತಿ ಇಟ್ಟುಕೊಂಡರೆ ಕೀ ತೇರ್ಗಡೆಯಾಗುತ್ತದೆ. ಅನೇಕರ ಲೆಕ್ಕ ಇಲ್ಲಿಗೆ ನಿಲ್ಲುತ್ತದೆ.

ಎರಡನೆಯದು ಜಜ್ಜುವಿಕೆ: ಕೀಯ ಪಕ್ಕದ ಗೋಡೆ ಗೇರಿನ ಕೀವೇಯ ಗೋಡೆಯನ್ನು ಒತ್ತುವ ಬಲ. 9 ಮಿ.ಮೀ. ಎತ್ತರದ ಕೀಯಲ್ಲಿ 5.5 ಮಿ.ಮೀ. ಶಾಫ್ಟಿನೊಳಗೆ ಹೂತಿರುತ್ತದೆ, ಗೇರಿಗೆ ಸಿಗುವುದು 3.5 ಮಿ.ಮೀ. ಮಾತ್ರ. ಬಲವನ್ನು 3.5 × 42ರಿಂದ ಭಾಗಿಸಿದರೆ 203 ನ್ಯೂಟನ್! ಉಕ್ಕಿನ ಗೇರಿಗೆ 120 ನ್ಯೂಟನ್ ಎಂದು ಎಚ್ಚರದ ಮಿತಿ ಇಟ್ಟರೆ ಇದು ಮಿತಿಯನ್ನು ಬಹುದೂರ ಮೀರಿದೆ. ಒಂದು ಪರೀಕ್ಷೆಯಲ್ಲಿ ಗೆದ್ದ ಕೀ ಇನ್ನೊಂದರಲ್ಲಿ ಸೋತಿದೆ. ಇಂಥ ಗೇರ್‌ಬಾಕ್ಸ್ ಪರೀಕ್ಷಾ ಓಟದಲ್ಲಿ ಯಾವ ದೋಷವನ್ನೂ ತೋರದು. ಕೆಲವು ತಿಂಗಳ ಬಳಿಕ, ಗ್ರಾಹಕನ ಕಾರ್ಖಾನೆಯಲ್ಲಿ, ಕೀವೇಯ ಗೋಡೆ ಸ್ವಲ್ಪಸ್ವಲ್ಪವಾಗಿ ಜಜ್ಜಿ ಸಡಿಲ ಕಾಣಿಸಿಕೊಳ್ಳುತ್ತದೆ.

ಪರಿಹಾರವೇನು? 120ರ ಮಿತಿಯೊಳಗೆ ಬರಲು 71 ಮಿ.ಮೀ. ಕೆಲಸದ ಉದ್ದ ಬೇಕು. ಆದರೆ ಕೀಯನ್ನು ಬೇಕಾದಷ್ಟು ಉದ್ದಗೊಳಿಸಿ ಪ್ರಯೋಜನವಿಲ್ಲ. ಟಾರ್ಕ್ ಒಳಬರುವ ತುದಿಯಲ್ಲಿಯೇ ಭಾರ ಹೆಚ್ಚಾಗಿ ಬೀಳುವುದರಿಂದ, ವ್ಯಾಸದ 1.3 ಪಟ್ಟಿಗಿಂತ ಹೆಚ್ಚಿನ ಉದ್ದವನ್ನು ಲೆಕ್ಕಕ್ಕೆ ಹಿಡಿಯಬಾರದೆಂಬುದು ರೂಢಿ. 50 ಮಿ.ಮೀ. ಶಾಫ್ಟಿಗೆ ಅದು 65 ಮಿ.ಮೀ. ಹೀಗಾಗಿ ಶಾಫ್ಟನ್ನೇ 60 ಮಿ.ಮೀ.ಗೆ ಏರಿಸಿ, 18 × 11 ಅಳತೆಯ 70 ಮಿ.ಮೀ. ಉದ್ದದ ಕೀ ಹಾಕುವುದು ಸರಿಯಾದ ದಾರಿ. ಬಲ 24,870 ನ್ಯೂಟನ್‌ಗೆ ಇಳಿಯುತ್ತದೆ. ಕೆಲಸದ ಉದ್ದ 52, ಗೇರಿಗೆ ಸಿಗುವ ಎತ್ತರ 4 ಮಿ.ಮೀ.; ಜಜ್ಜುವ ಒತ್ತಡ 120ರೊಳಗೆ ನಿಲ್ಲುತ್ತದೆ, ಕತ್ತರಿಕೆ 27ಕ್ಕೆ ಇಳಿಯುತ್ತದೆ. ಗೇರು ಎರಕದ ಕಬ್ಬಿಣದ್ದಾದರೆ ಮಿತಿಯನ್ನು ಸುಮಾರು ಅರ್ಧಕ್ಕೆ ಇಳಿಸಿ ಮತ್ತೆ ಲೆಕ್ಕ ಹಾಕಬೇಕು. ಎರಡು ಕೀ ಹಾಕಿದರೆ ಬಲ ಇಮ್ಮಡಿಯಾಗುತ್ತದೆಂಬ ನಂಬಿಕೆಯೂ ಸರಿಯಲ್ಲ. ಎರಡರ ಮೇಲೂ ಭಾರ ಸಮನಾಗಿ ಬೀಳುವುದಿಲ್ಲವಾದ್ದರಿಂದ ಒಂದೂವರೆ ಪಟ್ಟು ಎಂದಷ್ಟೇ ಹಿಡಿಯುವುದು ಕ್ಷೇಮ.

ಅಗಲದಲ್ಲಿ ಬಿಗಿ, ತಲೆಯ ಮೇಲೆ ಎಡೆ

ಲೆಕ್ಕ ಸರಿಯಾಗಿದ್ದರೂ ಕೂರಿಸುವಿಕೆ ಕೆಟ್ಟರೆ ಫಲವಿಲ್ಲ. ಸಮಾನಾಂತರ ಕೀ ಕೆಲಸ ಮಾಡುವುದು ಪಕ್ಕದ ಗೋಡೆಗಳಿಂದ. ಅದರ ತಲೆಗೂ ಗೇರಿನ ಕೀವೇಯ ತಳಕ್ಕೂ ನಡುವೆ ಎಡೆ ಇರಲೇಬೇಕು. ಮೇಲಿನ ಉದಾಹರಣೆಯಲ್ಲಿ ಶಾಫ್ಟಿನ ಕೀವೇಯ ಆಳ 7 ಮಿ.ಮೀ., ಗೇರಿನದು 4.4, ಕೀಯ ಎತ್ತರ 11 ಆದ್ದರಿಂದ 0.4 ಮಿ.ಮೀ. ಎಡೆ ಉಳಿಯುತ್ತದೆ. ಈ ಎಡೆ ಇಲ್ಲದೆ ಕೀ ತಲೆ ತಾಗಿದರೆ ಗೇರು ಒಂದು ಬದಿಗೆ ತಳ್ಳಲ್ಪಟ್ಟು ಕೇಂದ್ರ ತಪ್ಪುತ್ತದೆ. ಹಲ್ಲುಗಳು ಸದ್ದು ಮಾಡತೊಡಗುತ್ತವೆ. ನೂರಕ್ಕೆ ಒಂದರಂತೆ ಇಳಿಜಾರಿರುವ ಟೇಪರ್ ಕೀಗಳನ್ನು ನಿಖರ ಗೇರ್‌ಬಾಕ್ಸ್‌ಗಳಲ್ಲಿ ಬಳಸದಿರುವುದಕ್ಕೆ ಇದೇ ಕಾರಣ. ಅವು ಮೇಲೆ ಕೆಳಗೆ ಬೆಣೆಯಂತೆ ಒತ್ತುವುದರಿಂದ ಪುಲ್ಲಿ ಮೊದಲಾದ ಒರಟು ಜೋಡಣೆಗಳಿಗೆ ಹೊಂದುತ್ತವೆ.

ಅಗಲದ ಟಾಲರೆನ್ಸ್ ವಿಷಯದಲ್ಲಿ ಮಾನಕ ಮೂರು ಬಗೆಗಳನ್ನು ಹೇಳುತ್ತದೆ. ಸಾಮಾನ್ಯ ಜೋಡಣೆಗೆ ಶಾಫ್ಟಿನ ಕೀವೇ ಎನ್9, ಗೇರಿನದು ಜೆಎಸ್9; ಬಿಗಿ ಜೋಡಣೆಗೆ ಎರಡೂ ಪಿ9; ಗೇರು ಶಾಫ್ಟಿನ ಮೇಲೆ ಜಾರಬೇಕಾದಲ್ಲಿ ಶಾಫ್ಟಿಗೆ ಎಚ್9, ಗೇರಿಗೆ ಡಿ10. 18 ಮಿ.ಮೀ. ಕೀಯ ಅಗಲ 18.000ರಿಂದ 17.957ರವರೆಗೆ ಇರಬಹುದು. ಸಾಮಾನ್ಯ ಜೋಡಣೆಯಲ್ಲಿ ಶಾಫ್ಟಿನ ಕೀವೇಗೂ ಅದೇ ಮಿತಿ. ಗೇರಿನದು 18ಕ್ಕೆ 0.0215 ಹೆಚ್ಚು ಅಥವಾ ಕಡಿಮೆ. ಅಂದರೆ ಅತಿ ಸಡಿಲವೆಂದರೂ ಗೇರಿನಲ್ಲಿ 0.065 ಮಿ.ಮೀ. ಮೀರುವಂತಿಲ್ಲ. ಬಿಗಿ ಜೋಡಣೆಯಲ್ಲಿ ಅದು 0.025ಕ್ಕೆ ಇಳಿಯುತ್ತದೆ. ತಿರುಗುವ ದಿಕ್ಕು ಪದೇಪದೇ ಬದಲಾಗುವ ಯಂತ್ರಗಳಿಗೆ ಸಾಮಾನ್ಯ ಜೋಡಣೆ ಸಾಲದು. ಅಲ್ಲಿ ಪಿ9 ಜೊತೆಗೆ ಬೋರ್ ಕೂಡ ಶಾಫ್ಟನ್ನು ಗಟ್ಟಿಯಾಗಿ ಹಿಡಿದಿರಬೇಕು.

ನಕ್ಷೆಯಲ್ಲಿ ಬರೀ 18 ಎಂದು ಬರೆದು ಟಾಲರೆನ್ಸ್ ಕೊಡದಿದ್ದರೆ ಸ್ಲಾಟಿಂಗ್ ಮಾಡುವವರು ಸುರಕ್ಷಿತವೆಂದು ಒಂದಿಷ್ಟು ಅಗಲವಾಗಿಯೇ ತೆಗೆಯುತ್ತಾರೆ. ಕೀ ಸುಲಭವಾಗಿ ಕೂರುತ್ತದೆ, ಎಲ್ಲರಿಗೂ ನೆಮ್ಮದಿ. ಕೀವೇಗಳೆರಡೂ ಒಂದೇ ನೇರಕ್ಕೆ ಇಲ್ಲದಿದ್ದರೆ ಇನ್ನೊಂದು ಬಗೆಯ ತೊಡಕು ಬರುತ್ತದೆ. ಜೋಡಿಸುವಾತ ಕೀಯ ಒಂದು ಪಕ್ಕವನ್ನು ಅರದಿಂದ ಉಜ್ಜಿ ಕೂರಿಸುತ್ತಾನೆ. ಆಗ ಇಡೀ ಗೋಡೆಯ ಬದಲು ಒಂದು ಗೆರೆಯ ಮೇಲೆ ಭಾರ ನಿಲ್ಲುತ್ತದೆ; ಮೇಲೆ ಮಾಡಿದ ಲೆಕ್ಕವೆಲ್ಲ ಅರ್ಥ ಕಳೆದುಕೊಳ್ಳುತ್ತದೆ.

ಕೀಯ ಲೋಹವೂ ಮುಖ್ಯ. ಕೀಗೆ ಪ್ರತಿ ಚದರ ಮಿ.ಮೀ.ಗೆ ಸುಮಾರು 600 ನ್ಯೂಟನ್ ಕರ್ಷಣ ಬಲವಿರುವ ಉಕ್ಕು ಬೇಕು. ಸಿ45 ದರ್ಜೆಯ ಬ್ರೈಟ್ ಬಾರ್ ಇದಕ್ಕೆ ಒಪ್ಪುತ್ತದೆ. ಕೈಗೆ ಸಿಕ್ಕ ಮೆದು ಕಬ್ಬಿಣದಿಂದ ಕೀ ಮಾಡುವುದು ತಪ್ಪು. ಹಾಗೆಯೇ ಕೀಯನ್ನು ಗಡಸು ಮಾಡಿಬಿಟ್ಟರೆ ಸಮಸ್ಯೆ ಪರಿಹಾರವಾಯಿತೆಂಬುದೂ ತಪ್ಪು. ಆಗ ಅಗ್ಗದ ಕೀ ಉಳಿದು ದುಬಾರಿ ಗೇರು ಜಜ್ಜುತ್ತದೆ.

ಶಾಫ್ಟಿಗೂ ಗೇರಿಗೂ ತಗಲುವ ಬೆಲೆ

ಕೀವೇ ತೆಗೆಯುವುದೆಂದರೆ ಶಾಫ್ಟಿನ ಬಲದಲ್ಲಿ ಒಂದು ಪಾಲನ್ನು ಬಿಟ್ಟುಕೊಟ್ಟಂತೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಎಚ್. ಎಫ್. ಮೂರ್ ಪ್ರಯೋಗಗಳಿಂದ ರೂಪಿಸಿದ ಸೂತ್ರ ಇಂದಿಗೂ ಪಠ್ಯಗಳಲ್ಲಿದೆ: ಕೀವೇಯ ಅಗಲವನ್ನು ವ್ಯಾಸದಿಂದ ಭಾಗಿಸಿ 0.2ರಿಂದ ಗುಣಿಸಬೇಕು, ಆಳವನ್ನು ವ್ಯಾಸದಿಂದ ಭಾಗಿಸಿ 1.1ರಿಂದ ಗುಣಿಸಬೇಕು, ಎರಡನ್ನೂ ಒಂದರಿಂದ ಕಳೆಯಬೇಕು. 60 ಮಿ.ಮೀ. ಶಾಫ್ಟಿಗೆ ಉತ್ತರ 0.81. ಶೇಕಡ 19ರಷ್ಟು ಬಲ ಕಡಿಮೆಯಾಯಿತು ಎಂದರ್ಥ. ಎಡೆಬಿಡದೆ ತಿರುಗುವ ಶಾಫ್ಟಿನಲ್ಲಿ ಕೀವೇಯ ಚೂಪು ಮೂಲೆಗಳು ಇನ್ನೂ ಅಪಾಯಕಾರಿ, ಬಿರುಕು ಹುಟ್ಟುವುದು ಅಲ್ಲಿಂದಲೇ. ಈ ಅಳತೆಗೆ ಮೂಲೆಯಲ್ಲಿ 0.25ರಿಂದ 0.40 ಮಿ.ಮೀ. ತ್ರಿಜ್ಯದ ದುಂಡು ಇರಬೇಕೆಂದು ಮಾನಕ ಹೇಳುತ್ತದೆ. ಸವೆದ ಕಟರಿನ ಗೀರು ಮೂಲೆಯಲ್ಲಿ ಉಳಿಯಕೂಡದು.

ಗೇರಿನ ಕಡೆಯಲ್ಲಿ ಕೀವೇಯ ತಳಕ್ಕೂ ಹಲ್ಲಿನ ಬುಡಕ್ಕೂ ನಡುವೆ ಉಳಿಯುವ ಲೋಹ ಮಾಡ್ಯೂಲ್‌ನ ಎರಡೂವರೆ ಪಟ್ಟಾದರೂ ಇರುವುದು ಒಳ್ಳೆಯದು. ಅದಕ್ಕಿಂತ ತೆಳುವಾದರೆ ಗಡಸು ಮಾಡುವಾಗಲೇ ಬಿರುಕು ಬಿಡಬಹುದು. ಚಿಕ್ಕ ಪಿನಿಯನ್‌ಗಳಲ್ಲಿ ಈ ಅಂತರ ಸಿಗದಿದ್ದರೆ ಕೀಯನ್ನು ಕೈಬಿಟ್ಟು, ಶಾಫ್ಟ್ ಮತ್ತು ಪಿನಿಯನ್ನನ್ನು ಒಂದೇ ತುಂಡಿನಲ್ಲಿ ಮಾಡುವುದೇ ಸೂಕ್ತ. ಕೀ ಎಲ್ಲ ಕೆಲಸಕ್ಕೂ ಸಲ್ಲುವುದಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. 1990ರ ದಶಕದ ಕೊನೆಯಲ್ಲಿ ಹೊಸಕೋಟೆಯಲ್ಲಿ ಲಾರಿ ತಯಾರಿಕೆ ಆರಂಭವಾಯಿತು. 2008ರಲ್ಲಿ ವಿಮಾನ ನಿಲ್ದಾಣ ಬಂದ ಬಳಿಕ ದೇವನಹಳ್ಳಿಯ ಸುತ್ತ ವೈಮಾನಿಕ ಉದ್ಯಮಗಳು ನೆಲೆಯೂರಿದವು. ಇಂಥ ಕ್ಷೇತ್ರಗಳಲ್ಲಿ ಭಾರಿ ಟಾರ್ಕ್ ದಾಟಿಸಲು ಬಳಸುವುದು ಮುಖ್ಯವಾಗಿ ಸ್ಪ್ಲೈನ್‌ಗಳನ್ನು. ಒಂದು ಕೀಯ ಬದಲು ಸುತ್ತಲೂ ಹಲವು ಹಲ್ಲುಗಳು ಭಾರ ಹಂಚಿಕೊಳ್ಳುವುದೇ ಅದರ ಗುಟ್ಟು. ಆ ಕ್ಷೇತ್ರಕ್ಕೆ ಬಿಡಿಭಾಗ ಪೂರೈಸಬಯಸುವವರು ಸ್ಪ್ಲೈನ್ ಬ್ರೋಚಿಂಗ್ ಮತ್ತು ಹಾಬಿಂಗ್ ಸೌಲಭ್ಯದತ್ತ ಗಮನ ಹರಿಸಬೇಕಾಗುತ್ತದೆ.

ತಪಾಸಣೆ: ಐದು ಅಂಶ, ಒಂದು ಹಾಳೆ

ಜೋಡಣೆಗೆ ಮುನ್ನ ನೋಡಬೇಕಾದ ಅಂಶಗಳು ಹೆಚ್ಚಿಲ್ಲ.

1. ಕೀವೇಯ ಅಗಲವನ್ನು ಗೋ, ನೋ-ಗೋ ಗೇಜಿನಿಂದ ಅಥವಾ ಸ್ಲಿಪ್ ಗೇಜಿನಿಂದ ಎರಡೂ ತುದಿಗಳಲ್ಲಿ ನೋಡಬೇಕು. ಒಂದು ತುದಿ ಅಗಲ, ಇನ್ನೊಂದು ಕಿರಿದು ಆಗಿರಬಾರದು. ವರ್ನಿಯರ್ ಈ ಕೆಲಸಕ್ಕೆ ಸಾಲದು.

2. ಆಳವನ್ನು ಎದುರು ಬದಿಯಿಂದ ಅಳೆಯಬೇಕು. 60 ಮಿ.ಮೀ. ಶಾಫ್ಟಿನಲ್ಲಿ ಕೀವೇಯ ತಳದಿಂದ ಎದುರು ಮೈಗೆ 53.0 ಮಿ.ಮೀ.; ಗೇರಿನ ಬೋರಿನಲ್ಲಿ 64.4 ಮಿ.ಮೀ. ಶಾಫ್ಟಿನಲ್ಲಿ 0.2ರಷ್ಟು ಕಡಿಮೆಯಾಗಬಹುದು, ಬೋರಿನಲ್ಲಿ 0.2ರಷ್ಟು ಹೆಚ್ಚಾಗಬಹುದು, ತದ್ವಿರುದ್ಧ ಸಲ್ಲದು.

3. ಕೀವೇ ಶಾಫ್ಟಿನ ನಟ್ಟನಡುವೆ ಇದೆಯೇ ಎಂಬುದನ್ನು ವಿ-ಬ್ಲಾಕ್ ಮತ್ತು ಡಯಲ್ ಗೇಜಿನಿಂದ ನೋಡಬೇಕು. ಕೀವೇಯಲ್ಲಿ ಬಿಗಿಯಾಗಿ ಕೂತ ಬ್ಲಾಕಿನ ಮೈಯನ್ನು ಸಮತಟ್ಟಾಗಿಸಿ ಅಳತೆ ಗುರುತಿಸಿಕೊಂಡು, ಶಾಫ್ಟನ್ನು 180 ಡಿಗ್ರಿ ತಿರುಗಿಸಿ ಮತ್ತೆ ನೋಡಿದರೆ ಓರೆ ಬಯಲಾಗುತ್ತದೆ.

4. ಕೀಯ ಪಕ್ಕಗಳಿಗೆ ನೀಲಿ ಸವರಿ ಕೂರಿಸಿ ತೆಗೆದಾಗ ಗುರುತು ಗೋಡೆಯುದ್ದಕ್ಕೂ ಬೀಳಬೇಕು. ತಲೆಯ ಮೇಲೆ ಬೀಳಬಾರದು.

5. ಮೂಲೆಯ ದುಂಡು, ಕಟರಿನ ಗೀರು ಮತ್ತು ಬರ್ ಇವುಗಳನ್ನು ಭೂತಗನ್ನಡಿಯಲ್ಲಿ ಪರಿಶೀಲಿಸಬೇಕು.

ಈ ಐದಕ್ಕೂ ಅಳತೆಯೊಡನೆ ಸಹಿ ಹಾಕಿದ ಒಂದು ಹಾಳೆ ಗೇರ್‌ಬಾಕ್ಸ್‌ನ ಕ್ರಮಸಂಖ್ಯೆಯೊಡನೆ ಕಡತದಲ್ಲಿರಬೇಕು. ಗೇಜುಗಳು ಸವೆದಿವೆಯೇ ಎಂಬುದನ್ನು ನಿಯತವಾಗಿ ಪರೀಕ್ಷಿಸಿಕೊಳ್ಳುವುದು ಅಗತ್ಯ. ಬೆಂಗಳೂರಿನ ತುಮಕೂರು ರಸ್ತೆಯಲ್ಲಿರುವ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆ (ಸಿಎಂಟಿಐ) ಅಳತೆಗಾರಿಕೆಯಲ್ಲಿ ಪರಿಣತಿ ಪಡೆದ ಸಂಸ್ಥೆ. 1962ರಲ್ಲಿ ಯಂತ್ರೋಪಕರಣ ಸಂಸ್ಥೆಯಾಗಿ ಆರಂಭವಾದ ಇದು ಸಿದ್ಧಪಡಿಸಿದ ಯಂತ್ರೋಪಕರಣ ವಿನ್ಯಾಸ ಕೈಪಿಡಿ ಇಂದಿಗೂ ವಿನ್ಯಾಸಕಾರರ ಮೇಜಿನ ಮೇಲಿರುತ್ತದೆ.

ಬಳಕೆಯಲ್ಲಿರುವ ಯಂತ್ರದಲ್ಲಿ ಸಡಿಲದ ಲಕ್ಷಣಗಳನ್ನು ಗುರುತಿಸುವುದು ಕಷ್ಟವಲ್ಲ. ಚಾಲೂ ಮಾಡುವಾಗ ಮತ್ತು ನಿಲ್ಲಿಸುವಾಗ ಟಕ್ಕೆಂಬ ಸದ್ದು, ಎಣ್ಣೆ ತಾಗದ ಜೋಡಣೆಯಲ್ಲಿ ಹಬ್ಬಿನ ಅಂಚಿನಿಂದ ಉದುರುವ ಕೆಂಪು ಪುಡಿ, ಇವು ಎಚ್ಚರಿಕೆಯ ಗಂಟೆಗಳು. ಆಗ ತಗಡಿನ ತುಂಡು ತುರುಕುವುದು, ಪಂಚ್ ಹೊಡೆದು ಉಬ್ಬಿಸುವುದು, ವೆಲ್ಡಿಂಗ್ ಮಾಡುವುದು ಇವೆಲ್ಲ ಆ ದಿನವನ್ನು ದಾಟಿಸಬಹುದು, ಯಂತ್ರವನ್ನು ಉಳಿಸಲಾರವು. ಬೋರ್ ಚೆನ್ನಾಗಿದ್ದು ಗಾತ್ರ ಅವಕಾಶ ಕೊಟ್ಟರೆ ಎರಡೂ ಕೀವೇಗಳನ್ನು ಮುಂದಿನ ಅಳತೆಗೆ ಹಿಗ್ಗಿಸಿ ಹೊಸ ಕೀ ಹಾಕುವುದು, ಇಲ್ಲವೇ ಬೇರೆ ಜಾಗದಲ್ಲಿ ಹೊಸ ಕೀವೇ ತೆಗೆಯುವುದು ಸರಿಯಾದ ದುರಸ್ತಿ. ಎರಡೂ ಸಂದರ್ಭಗಳಲ್ಲಿ ಶಾಫ್ಟಿನ ಬಲವನ್ನು ಮತ್ತೆ ಲೆಕ್ಕ ಹಾಕಬೇಕು.

ಹಾಳೆ ಹಣವನ್ನೂ ಕಾಯುತ್ತದೆ

ತಪಾಸಣೆಯ ಹಾಳೆ ತಾಂತ್ರಿಕ ಶಿಸ್ತಿಗಷ್ಟೇ ಸಂಬಂಧಿಸಿದ್ದಲ್ಲ. ಗುಣಮಟ್ಟದ ತಕರಾರಿನ ನೆಪದಲ್ಲಿ ಬಿಲ್ಲಿನ ಹಣ ತಡೆಹಿಡಿಯಲ್ಪಡುವುದು ಸಣ್ಣ ಉತ್ಪಾದಕರ ಹಳೆಯ ಕೊರಗು. ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ, 2006 ಇದಕ್ಕೊಂದು ಚೌಕಟ್ಟು ಹಾಕಿದೆ. ಸರಕು ತಲುಪಿದ 15 ದಿನಗಳೊಳಗೆ ಖರೀದಿದಾರ ಲಿಖಿತ ಆಕ್ಷೇಪ ಸಲ್ಲಿಸದಿದ್ದರೆ ಅದನ್ನು ಸ್ವೀಕರಿಸಿದಂತೆಯೇ ಲೆಕ್ಕ. ಒಪ್ಪಂದದಲ್ಲಿ ಏನೇ ಇದ್ದರೂ ಸಣ್ಣ ಉದ್ಯಮಕ್ಕೆ ಹಣ ಪಾವತಿಯ ಅವಧಿ 45 ದಿನ ಮೀರುವಂತಿಲ್ಲ; ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸಲ್ಲಬೇಕು. ಆದರೆ ತಕರಾರು ಎದ್ದಾಗ ವಾದಕ್ಕೆ ಬಲ ಕೊಡುವುದು ಕಾಗದ. ಯಾವ ಟಾರ್ಕಿಗೆ, ಯಾವ ಹೊಡೆತದ ಪಟ್ಟಿಗೆ ವಿನ್ಯಾಸ ಮಾಡಲಾಗಿತ್ತು, ಕಾರ್ಖಾನೆಯಿಂದ ಹೊರಡುವಾಗ ಕೀವೇಯ ಅಳತೆ ಎಷ್ಟಿತ್ತು ಎಂಬ ದಾಖಲೆ ಇರುವಾತ, ಗ್ರಾಹಕ ಯಂತ್ರಕ್ಕೆ ಮಿತಿಮೀರಿ ಭಾರ ಹಾಕಿದನೆಂದು ತೋರಿಸಬಲ್ಲ. ದಾಖಲೆಯಿಲ್ಲದವನು ತನ್ನ ತಪ್ಪಲ್ಲದ್ದಕ್ಕೂ ಗೇರ್‌ಬಾಕ್ಸ್ ಮರಳಿ ಪಡೆಯಬೇಕಾಗುತ್ತದೆ.

ಜಾಬ್ ವರ್ಕ್ ಹಂಚುವವರಿಗೂ ಇದು ಅನ್ವಯಿಸುತ್ತದೆ. ಶಾಫ್ಟ್ ಮಾಡುವವರಿಗೆ, ಸ್ಲಾಟಿಂಗ್ ಮಾಡುವವರಿಗೆ, ಕೀ ಪೂರೈಸುವವರಿಗೆ ಒಂದೇ ನಕ್ಷೆಯ ಪ್ರತಿ ಹೋಗಬೇಕು. ಅದರಲ್ಲಿ ಮೂರೂ ಭಾಗಗಳ ಟಾಲರೆನ್ಸ್ ಕಾಣಬೇಕು. ಅಂತಿಮ ಜೋಡಣೆಗೆ ಸಹಿ ಹಾಕುವವರ ಹೆಸರು ಗೊತ್ತಾಗಿರಬೇಕು. ಇದಕ್ಕೆ ಹೊಸ ಯಂತ್ರ ಬೇಡ, ಸಾಲ ಬೇಡ. ಅರ್ಧ ಗಂಟೆಯ ಲೆಕ್ಕ, ನಾಲ್ಕು ಗೇಜು ಮತ್ತು ಒಂದು ಹಾಳೆ ಸಾಕು. ಗಾಡಿ ಕಟ್ಟುವ ಮುನ್ನ ಕಡಾಣಿಯನ್ನು ಒಮ್ಮೆ ಮುಟ್ಟಿ ನೋಡುವ ರೈತನ ಎಚ್ಚರವೇ ಗೇರ್‌ಬಾಕ್ಸ್ ತಯಾರಿಸುವ ಉದ್ಯಮಿಗೂ ಇರಬೇಕಾದದ್ದು.